ಗೋಡೆಯಾಚೆಯ ಮೈದಾನಕ್ಕೆ ಒಂದು ಗಿಂಡಿ ಗಂಗೆ

ಕೇದಾರ ಘಾಟಿನ ಹಿಂದಿನ ಗಲ್ಲಿ

ತಂತಿ ಬಂದಾಗ ನಾನು ಹಿತ್ತಲ ನಲ್ಲಿಯ ಹತ್ತಿರ ಕೂತು ತಾಮ್ರದ ಗಿಂಡಿಗಳನ್ನು ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದೆ. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಗಿಂಡಿಗಳು. ನಮ್ಮ ಕಡೆಯಿಂದ ಕಾಶಿಗೆ ಬಂದವರು ಗಂಗೆಯನ್ನು ತುಂಬಿಸಿ, ಬಾಯಿಗೆ ಬೆಸುಗೆ ಹಾಕಿಸಿ, ಊರಿಗೆ ಒಯ್ದು ದೇವರ ಮುಂದೆ ಇಟ್ಟುಕೊಳ್ಳುತ್ತಾರಲ್ಲ, ಅವು. ನಮ್ಮನೆಯವರು ಕೇದಾರ ಘಾಟಿನಲ್ಲಿ ಕನ್ನಡದ ಯಾತ್ರಿಕರಿಗೆ ಪೌರೋಹಿತ್ಯ ಮಾಡುತ್ತಾರೆ. ಮಂತ್ರ ಅವರದು; ಅಡಿಗೆ, ಎಲೆ, ಗಿಂಡಿ ನನ್ನದು.

ಇವರು ತಂತಿಯ ಕಾಗದವನ್ನು ಬೆಳಕಿಗೆ ಹಿಡಿದು ಓದಿದರು. "ಶಾರದೆ ಹಾಸಿಗೆ ಬಿಟ್ಟು ಏಳಕೂಡದು ಅಂತ ಡಾಕ್ಟರು ಹೇಳಿದಾರಂತೆ. ಬಸುರಿ. ನಿನ್ನನ್ನ ಕಳಿಸಿ ಅಂತ ಬರ್ದಿದಾರೆ."

ಶಾರದೆ ನನ್ನ ಒಬ್ಬಳೇ ತಂಗಿ. ಇಂಗ್ಲೆಂಡಿನಲ್ಲಿದ್ದಳು. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸುರು. ನಾವಿಬ್ಬರೂ ಹುಟ್ಟಿದ್ದು ಇದೇ ಗಲ್ಲಿಯಲ್ಲಿ. ನನ್ನನ್ನು ಕೊಟ್ಟಿದ್ದು ನಾಲ್ಕು ಬಾಗಿಲು ಆಚೆಗೆ, ಅವಳನ್ನು ಕೊಟ್ಟಿದ್ದು ಸಮುದ್ರದ ಆಚೆಗೆ. ಚೊಚ್ಚಲ ಬಾಣಂತನಕ್ಕೆ ಅವಳು ತವರಿಗೆ ಬರಬೇಕು. ಆದರೆ ಏಳಲಾರದವಳು ಬರುವುದು ಹೇಗೆ? ಬಂದರೂ ತವರು ಅಂತ ಯಾರಿದ್ದರು? ಅಪ್ಪ ಹೋಗಿ ಬಹಳ ಕಾಲ. ಅಮ್ಮ ಹೋಗಿ ಎರಡು ವರ್ಷ. ಅಮ್ಮ ಹೋಗುವಾಗ ಶಾರದೆ ಬರಲಾಗಲಿಲ್ಲ. ಕಡೆಯ ಗಂಗೆಯನ್ನು ನಾನೊಬ್ಬಳೇ ಬಾಯಿಗೆ ಬಿಟ್ಟೆ. ಆ ಮಾತನ್ನು ಅವಳು ಒಂದು ಕಾಗದದಲ್ಲೂ ಎತ್ತಿರಲಿಲ್ಲ. ಎತ್ತದೇ ಇದ್ದದ್ದೇ ನನಗೆ ಚುಚ್ಚುತ್ತಿತ್ತು.

"ಸಮುದ್ರ ದಾಟಬಹುದಾ?" ಅಂತ ಇವರನ್ನು ಕೇಳಿದೆ.

"ದಾಟು. ದಾಟಿದ್ದಕ್ಕೆ ಏನು ಮಾಡಬೇಕೋ ಬಂದಮೇಲೆ ಮಾಡೋಣ. ಗಂಗೆ ಎಲ್ಲಿಗೂ ಹೋಗಲ್ಲ, ಇಲ್ಲೇ ಇರ್ತಾಳೆ," ಅಂದರು.

ಪಾಸ್‌ಪೋರ್ಟಿಗೆ ದಿಲ್ಲಿಯಲ್ಲಿದ್ದ ಪರಿಚಯದವರೊಬ್ಬರು ಓಡಾಡಿಕೊಟ್ಟರು. ಅವರ ತಂದೆಯ ಶ್ರಾದ್ಧ ಮಾಡಿಸಿದ್ದು ನಮ್ಮನೆಯವರೇ. ಉಜ್ಜಿದ ಗಿಂಡಿಗಳಲ್ಲಿ ಒಂದಕ್ಕೆ ನಾನೇ ಘಾಟಿಗಿಳಿದು ನೀರು ತುಂಬಿದೆ. ಸೋನಾರ್‌ಪುರದ ಬೆಸುಗೆಯವನು ಬಾಯಿ ಮುಚ್ಚಿಕೊಟ್ಟ. "ಕಿಸ್ಕೆ ಲಿಯೇ, ಮಾತಾಜಿ?" ಅಂತ, ಯಾರಿಗೆಂದು ಕೇಳಿದ. "ಬಹನ್ ಕೇ ಲಿಯೇ," ತಂಗಿಗೆ, ಅಂದೆ. ಅವನು ದುಡ್ಡು ಮುಟ್ಟಲಿಲ್ಲ.

ವಿಮಾನದಿಂದ ಇಳಿದ ಮೇಲೆ

ವಿಮಾನದ ಬಗ್ಗೆ ನಾನು ಹೇಳುವುದು ಕಡಿಮೆ. ಕಿಟಕಿಯ ಆಚೆ ಮೋಡವನ್ನು ಕಂಡು, ಅಷ್ಟು ಎತ್ತರಕ್ಕೆ ಹೋದರೂ ದೇವರು ಕಾಣಲಿಲ್ಲವಲ್ಲ ಅನ್ನಿಸಿತು. ಕಾಣದಿದ್ದದ್ದೇ ಒಳ್ಳೆಯದು, ನಾನು ಆಗ ಮಡಿಯಲ್ಲಿ ಇರಲಿಲ್ಲ.

ಫಜೀತಿ ಆದದ್ದು ಲಂಡನ್ನಿನಲ್ಲಿ ಇಳಿದ ಮೇಲೆ. ಸಾಮಾನು ತಪಾಸಣೆಯವನು ಚೀಲದಿಂದ ಗಿಂಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ. ಏನು ಅಂತ ಕೇಳಿದ. "ವಾಟರ್," ಅಂದೆ. ಅವನು ಗೋಡೆಯ ಹತ್ತಿರದ ಕುಡಿಯುವ ನಲ್ಲಿಯನ್ನು ತೋರಿಸಿದ. ನಮ್ಮ ದೇಶದಲ್ಲಿ ನೀರಿಲ್ಲ ಅಂದುಕೊಂಡೆಯಾ ಅನ್ನುವ ಹಾಗಿತ್ತು ಮುಖ. ಆಮೇಲೆ ಬೆಸುಗೆಯ ಮೇಲೆ ಉಗುರಾಡಿಸಿ, ಬಿಚ್ಚಬೇಕು ಅಂತ ಕೈಸನ್ನೆ ಮಾಡಿದ. ಬಿಚ್ಚಿದರೆ ಉಳಿಯುವುದೇನು?

ಅಲ್ಲೇ ನೆಲ ಒರೆಸುತ್ತಿದ್ದ ಪಂಜಾಬಿ ಹೆಂಗಸೊಬ್ಬಳು ಕೋಲನ್ನು ಗೋಡೆಗೆ ಆನಿಸಿ ಬಂದಳು. "ಗಂಗಾಜಲ್?" ಅಂತ ನನ್ನನ್ನು ಕೇಳಿದಳು. ಹೌದೆಂದೆ. ಅವನಿಗೆ ಇಂಗ್ಲಿಷಿನಲ್ಲಿ ಏನು ಹೇಳಿದಳೋ, ಅವನು ಟೋಪಿ ಸರಿಮಾಡಿಕೊಂಡು ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಗಿಂಡಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಏನು ಹೇಳಿದೆಯಮ್ಮ ಅಂತ ಕೇಳಿದೆ. "ನಿನ್ನ ಅಮ್ಮನ ಅಸ್ಥಿ ಅಂತ ಹೇಳಿದೆ, ಬೀಬಿ. ಸತ್ಯ ಹೇಳಿದ್ದರೆ ಅವನಿಗೆ ಅರ್ಥವಾಗ್ತಿರಲಿಲ್ಲ," ಅಂದಳು. ಆ ಸುಳ್ಳಿನ ಪಾಪ ಇದ್ದರೆ ನನ್ನ ಲೆಕ್ಕಕ್ಕೇ ಇರಲಿ.

ಶಾರದೆಯ ಊರು

ಅದು ಬಟ್ಟೆ ಗಿರಣಿಗಳ ಊರು, ಲಂಡನ್ನಿನಿಂದ ಉತ್ತರಕ್ಕೆ ಬಹಳ ದೂರ. ಕೆಂಪು ಇಟ್ಟಿಗೆಯ ಮನೆಗಳು ಒಂದಕ್ಕೊಂದು ಭುಜ ಕೊಟ್ಟು ನಿಂತಿದ್ದವು. ಗಿರಣಿಗಳಲ್ಲಿ ಎಷ್ಟೋ ಮುಚ್ಚಿದ್ದವಂತೆ. ಹೊಗೆಯಿಲ್ಲದ ಕೊಳವೆಗಳು ಸುಮ್ಮನೆ ನಿಂತಿದ್ದವು. ಮಧ್ಯಾಹ್ನದ ಕಾಫಿಯ ಹೊತ್ತಿಗೆಲ್ಲ ಕತ್ತಲು.

ಶಾರದೆ ಮಂಚದಲ್ಲಿ ಮಲಗಿದ್ದಳು. ನನ್ನನ್ನು ನೋಡಿದವಳೇ, "ಅಕ್ಕ, ನಿನ್ನ ಸೀರೆಗೆ ನಮ್ಮನೆ ವಾಸನೆ ಇದೆ," ಅಂದಳು. ಸೆರಗನ್ನು ಮುಖಕ್ಕೆ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ.

ಅಲ್ಲಿನ ಜನ ಒಳ್ಳೆಯವರು, ಆದರೆ ಮಾತು ಕಡಿಮೆ. ಬಸ್ಸಿಗೆ ಇಬ್ಬರೇ ಕಾಯುತ್ತಿದ್ದರೂ ಒಬ್ಬರ ಹಿಂದೆ ಒಬ್ಬರು ಸಾಲು ನಿಲ್ಲುತ್ತಾರೆ. ನಮ್ಮ ಕಾಶಿಯ ಗೋದೌಲಿಯಾ ಚೌಕದಲ್ಲಿ ಹಾಗೆ ನಿಂತವರು ಇನ್ನೂ ಅಲ್ಲೇ ಇರುತ್ತಿದ್ದರು. ನೆರೆಯವರು ಬಾಗಿಲಿಗೆ ಬಂದು ಚಳಿ ಅನ್ನುತ್ತಾರೆ, ನಾವೂ ಚಳಿ ಅನ್ನಬೇಕು, ಅಲ್ಲಿಗೆ ಮಾತು ಮುಗಿಯಿತು. ನಮ್ಮ ಗಲ್ಲಿಯಲ್ಲಾದರೆ ಚಳಿ ಅಂದವರು ಒಳಗೆ ಬಂದು, ಒಲೆಯ ಮುಂದೆ ಕೂತು, ಸೊಸೆಯ ವಿಚಾರದವರೆಗೂ ಹೋಗುತ್ತಾರೆ.

ಸಂಜೆಯಾದರೆ ನನ್ನ ಕಿವಿ ತಾನಾಗಿ ಗಂಟೆಗೆ ಕಾಯುತ್ತಿತ್ತು. ಕೇದಾರೇಶ್ವರನ ಆರತಿಯ ಗಂಟೆ ನಮ್ಮ ಅಡಿಗೆಮನೆಗೆ ಕೇಳುತ್ತದೆ. ಅದು ಕೇಳಿದ ಮೇಲೇ ನಾನು ರಾತ್ರಿಯ ಅಕ್ಕಿ ತೊಳೆಯುವುದು. ಇಲ್ಲಿ ಗಂಟೆಯಿಲ್ಲದೆ ಅಕ್ಕಿ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನಿಂತಿರುತ್ತಿದ್ದೆ. "ಆರತಿ ಆಯ್ತು ಅಕ್ಕ, ತೊಳಿ," ಅಂತ ಶಾರದೆ ಮಂಚದಿಂದಲೇ ಕೂಗುತ್ತಿದ್ದಳು. ಅವಳೂ ಕಾಯುತ್ತಿದ್ದಳು ಅಂತ ಆಗ ಗೊತ್ತಾಗುತ್ತಿತ್ತು.

ಬ್ರೆಡ್ಡಿನ ಯಜಮಾನರು

ಮನೆಯ ಒಡೆಯರು ಪಕ್ಕದ ಮನೆಯಲ್ಲೇ ಇದ್ದರು. ವಾಲ್ಟರ್ ಅಂತ ಹೆಸರು. ಹೆಂಡತಿ ತೀರಿಕೊಂಡ ಒಂಟಿ ಮುದುಕರು, ಊರಿನಲ್ಲಿ ಬ್ರೆಡ್ಡಿನ ಅಂಗಡಿ ಇಟ್ಟವರು. ನಾನು ಅವರನ್ನು ಬ್ರೆಡ್ಡಿನ ಯಜಮಾನರು ಅನ್ನುತ್ತಿದ್ದೆ. ಊರಿನ ಫುಟ್‌ಬಾಲ್ ಟೀಮಿಗೂ ಅವರೇ ಒಡೆಯರು. ಶಾರದೆಯ ಗಂಡ ಆಸ್ಪತ್ರೆಯ ಡಾಕ್ಟರು. ಶನಿವಾರ ಮಧ್ಯಾಹ್ನ ಚೀಲ ಹಿಡಿದು ಆ ಟೀಮಿನ ಕಾಲು ಮಂಡಿ ನೋಡಿಕೊಳ್ಳುತ್ತಿದ್ದರು. ನಮ್ಮ ಹಿತ್ತಲ ಗೋಡೆ ದಾಟಿದರೆ ಟೀಮಿನ ಮೈದಾನ.

ಯಜಮಾನರು ಮೊದಲ ದಿನ ಬಂದವರೇ ದೇವರ ಗೂಡಿನಲ್ಲಿದ್ದ ಗಿಂಡಿಯನ್ನು ನೋಡಿ ಏನೋ ಕೇಳಿದರು. ಶಾರದೆ ನಗುತ್ತಾ ಕನ್ನಡಕ್ಕೆ ತಂದಳು: "ಯಾರನ್ನ ಸೋಲಿಸಿ ಗೆದ್ದಿದ್ದು ಅಂತ ಕೇಳ್ತಿದಾರೆ. ಅವರ ಕಣ್ಣಿಗೆ ತಾಮ್ರ ಹಿತ್ತಾಳೆ ಏನು ಕಂಡರೂ ಆಟದಲ್ಲಿ ಗೆದ್ದ ಕಪ್ಪೇ."

"ಯಮನನ್ನ ಅಂತ ಹೇಳು," ಅಂದೆ.

ಅವಳು ಹೇಳಿದಳು. ಅವರು ಬಹಳ ಗಂಭೀರವಾಗಿ ತಲೆಯಾಡಿಸಿ, "ಕಷ್ಟದ ಪಂದ್ಯ," ಅಂದರು. ಅಂದಿನಿಂದ ನಮ್ಮ ಸ್ನೇಹ. ದಿನವೂ ಸಂಜೆ ಬಂದು ಟೀ ಬಟ್ಟಲಿನಲ್ಲಿ ನನ್ನ ಮೆಣಸಿನ ಸಾರು ಕುಡಿದು ಹೋಗುತ್ತಿದ್ದರು. ಕುಡಿಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು, ಇನ್ನೊಂದು ಬಟ್ಟಲು ಕೇಳುತ್ತಿದ್ದರು.

ಅವರ ಮಾತೆಲ್ಲ ಟೀಮಿನದೇ. ಶಾರದೆ ನಡುವೆ ಮಲಗಿ ಮಾತು ದಾಟಿಸುತ್ತಿದ್ದಳು. ಟೀಮಿನ ಒಡೆತನ ಅಂದರೆ ಲಾಭ ಅಂದುಕೊಂಡಿದ್ದೆ. ಆ ದೇಶದಲ್ಲಿ ಹಾಗಲ್ಲವಂತೆ. ಒಡೆಯನಾದವನು ಟೀಮಿನಿಂದ ಸಂಬಳ ತೆಗೆದುಕೊಳ್ಳುವ ಹಾಗಿಲ್ಲ. ಲಾಭ ಬಂದರೂ ಮನೆಗೆ ಒಯ್ಯಲು ಸಿಗುವುದು ಚೂರುಪಾರು. ಬರುವ ಹಣವೆಲ್ಲ ಬಾಗಿಲಲ್ಲಿ ಟಿಕೆಟ್ಟು ಕೊಂಡವರದು. ಗಿರಣಿ ಮುಚ್ಚಿದ ಮೇಲೆ ಅವರೂ ಕಡಿಮೆಯಾದರು. ಬ್ರೆಡ್ಡಿನ ದುಡ್ಡು ಆಟಗಾರರ ಸಂಬಳಕ್ಕೆ ಹೋಗುತ್ತಿತ್ತು. ದೇವಸ್ಥಾನಕ್ಕೆ ಧರ್ಮದರ್ಶಿಯಾಗಿ ಎಣ್ಣೆಯನ್ನೂ ತಾನೇ ತರುವವರು ಇರುತ್ತಾರಲ್ಲ, ಹಾಗೆ.

"ಟೆಲಿವಿಷನ್ನಿನವರು ದುಡ್ಡು ಕೊಡಲ್ವಾ?" ಅಂತ ಕೇಳಿದೆ. ಅವರ ಮನೆಯಲ್ಲಿದ್ದ ಆ ಪೆಟ್ಟಿಗೆಯಲ್ಲಿ ಪಂದ್ಯದ ತುಣುಕುಗಳನ್ನು ತೋರಿಸುವುದನ್ನು ನಾನೂ ನೋಡಿದ್ದೆ.

ಕೊಡುತ್ತಾರೆ. ವರ್ಷಕ್ಕಿಷ್ಟು ಅಂತ ಕೊಟ್ಟದ್ದನ್ನು ದೇಶದ ಟೀಮುಗಳೆಲ್ಲ ಸಮವಾಗಿ ಹಂಚಿಕೊಳ್ಳುತ್ತವೆ, ದೊಡ್ಡದಕ್ಕೂ ಸಣ್ಣದಕ್ಕೂ ಒಂದೇ ಪಾಲು. ಹಂಚಿದ ಮೇಲೆ ಉಳಿಯುವುದು ಸ್ವಲ್ಪವೇ. ಆಟ ನಡೆಯುವಾಗಲೇ ತೋರಿಸಲು ಬಿಟ್ಟರೆ ಹೆಚ್ಚು ಬರುತ್ತದೆ. ಆದರೆ ಜನ ಮನೆಯಲ್ಲೇ ಬೆಚ್ಚಗೆ ಕೂತುಬಿಟ್ಟರೆ ಮೈದಾನಕ್ಕೆ ಯಾರು ಬರುತ್ತಾರೆ ಅಂತ ಒಡೆಯರಿಗೆ ಹೆದರಿಕೆ. ಅದಕ್ಕೇ ಆಟ ಮುಗಿದ ಮೇಲೆ ತುಣುಕು ಮಾತ್ರ. ಈಗ ದೊಡ್ಡ ಊರುಗಳ ಟೀಮಿನವರು ಗೊಣಗಲು ಶುರುಮಾಡಿದ್ದರಂತೆ: ಪೆಟ್ಟಿಗೆ ಹಚ್ಚುವುದು ನಮ್ಮನ್ನು ನೋಡಲು, ಪಾಲು ಮಾತ್ರ ಎಲ್ಲರಿಗೂ ಸಮ ಯಾಕೆ?

ನನಗೆ ನಗು ಬಂತು. ಕೇದಾರ ಘಾಟಿನಲ್ಲಿ ಇದೇ ಮಾತು ಕೇಳಿ ಬಂದಿದ್ದೆ. ಗೊತ್ತಾದ ಪುರೋಹಿತರ ಮನೆ ಇಲ್ಲದೆ ಬರುವ ಯಾತ್ರಿಕರ ದಕ್ಷಿಣೆಯನ್ನು ನಮ್ಮ ಗಲ್ಲಿಯ ಕನ್ನಡದ ಮನೆಗಳು ಸಮಪಾಲು ಮಾಡಿಕೊಳ್ಳುತ್ತವೆ, ಯಾರ ಮನೆಯಲ್ಲಿ ಇಳಿದಿರಲಿ. ನಮ್ಮನೆಯವರ ದಾಯಾದಿ ಶಂಕರಣ್ಣ ಹೊಸದಾಗಿ ಮಹಡಿ ಕಟ್ಟಿಸಿದರು. "ಜನ ಬರೋದು ನನ್ನ ಮಹಡಿ ನೋಡಿ, ಪಾಲು ಯಾಕೆ ಸಮ?" ಅಂದರು. ನಮ್ಮ ಅತ್ತೆ ಎಲೆ ಹಚ್ಚುತ್ತಿದ್ದವರು ತಲೆ ಎತ್ತದೆ, "ಆಗಲಪ್ಪ, ನೀನೇ ಇಟ್ಕೊ. ಶ್ರಾದ್ಧಕ್ಕೆ ಊಟಕ್ಕೆ ಕೂರೋ ಬ್ರಾಹ್ಮಣರನ್ನೂ ನಿನ್ನ ಮಹಡೀಲೇ ಹುಟ್ಟಿಸ್ಕೊ," ಅಂದಿದ್ದರು.

ಶಾರದೆ ಇದನ್ನು ಹೇಳಿದಾಗ ಯಜಮಾನರು ಬಟ್ಟಲು ಕೆಳಗಿಟ್ಟು ನಕ್ಕರು. "ನಿಮ್ಮ ಅತ್ತೆಯನ್ನು ನಮ್ಮ ಸಭೆಗೆ ಕಳಿಸಿ. ನಾವೆಲ್ಲ ಮುಚ್ಚಿಹೋದರೆ ಆ ದೊಡ್ಡವರು ಯಾರ ಜೊತೆ ಆಡುತ್ತಾರೆ, ಅದನ್ನೇ ನಾನೂ ಕೇಳುವುದು," ಅಂದರು.

ಗೋಲಿನ ಬಾಯಿ

ಶಾರದೆಗೆ ಹೆರಿಗೆಯಾಯಿತು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಗಟ್ಟಿಯಾಗಿ ಉಳಿದರು. ಹೊರಟಾಗಿನಿಂದ ನಾನು ದೇವರ ಹತ್ತಿರ ಬೇರೇನೂ ಕೇಳಿರಲಿಲ್ಲ. ಮಗುವಿಗೆ ತೀರಿಹೋದ ನಮ್ಮಮ್ಮನ ಕಿವಿ.

ಎಣ್ಣೆ ನೀರು ಹಾಕಿ ಬಾಣಂತಿ ಮಗು ಮಲಗಿದ ಒಂದು ಭಾನುವಾರ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದು ಮೈದಾನಕ್ಕೆ ಹೋದೆ. ಇಬ್ಬನಿಗೆ ಹುಲ್ಲು ಬೆಳ್ಳಗಿತ್ತು. ಆ ತುದಿಯ ಗೋಲಿನ ಕಂಬಗಳ ನಡುವೆ ಯಜಮಾನರು ಟೋಪಿ ತೆಗೆದು ನಿಂತಿದ್ದರು. ಕಾಲ ಬಳಿ ಹಳದಿ ಹೂವು. ಬರಿದಲೆ, ಹೂವು, ಎರಡು ಕಂಬ, ಮೇಲೊಂದು ತೊಲೆ. ಗುಡಿಯ ಬಾಗಿಲವಾಡದ ಹಾಗೇ ಇತ್ತು. ಇದು ಇವರ ಆಟದ ದೇವರ ಜಾಗ ಅಂದುಕೊಂಡೆ. ಚಪ್ಪಲಿ ಬಿಟ್ಟು, ಕಾಲು ಮರಗಟ್ಟುತ್ತಿದ್ದರೂ ಕಂಬಗಳ ಸುತ್ತ ಪ್ರದಕ್ಷಿಣೆ ಬಂದು ಕೈಮುಗಿದೆ. ಕುಂಕುಮ ಇಟ್ಟುಕೊಳ್ಳಲು ಏನಾದರೂ ಇದೆಯಾ ಅಂತ ನೆಲ ನೋಡಿದೆ. ಯಜಮಾನರು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಟೋಪಿ ಎದೆಗೆ ಹಿಡಿದು ತಲೆ ಬಾಗಿಸಿದರು.

ಮನೆಗೆ ಬಂದು ಶಾರದೆಗೆ ಹೇಳಿದರೆ ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಅಕ್ಕ, ಅದು ದೇವರಲ್ಲ. ಅವರ ಹೆಂಡತಿ ಎಡಿತ್. ಸುಟ್ಟ ಬೂದೀನ ಅಲ್ಲಿ ಹಾಕಿದಾರೆ. ಬದುಕಿದ್ದಷ್ಟು ದಿನ ಆಕೆ ಕೂರ್ತಿದ್ದದ್ದು ಆ ಗೋಲಿನ ಹಿಂದೇನೇ."

ನಾನು ಸ್ನಾನಕ್ಕೆ ನೀರು ಕಾಯಿಸಲು ಎದ್ದೆ. ಆಮೇಲೆ ಕೂತೆ. ಹೆಣ ಸುಡುವ ಹರಿಶ್ಚಂದ್ರ ಘಾಟಿನ ಹೊಗೆ ಬರುವ ಮನೆಯಲ್ಲಿ ಬೆಳೆದವಳು ನಾನು. ಬೂದಿ ಅಂದರೆ ನೀರಿಗೆ ಸೇರಬೇಕಾದ್ದು. ಹುಲ್ಲಿಗೆ ಹಾಕಿ, ಅದರ ಮೇಲೆ ಹುಡುಗರು ಬೂಟು ಹಾಕಿಕೊಂಡು ಓಡುವುದೇ? ಎರಡು ದಿನ ತಡೆದುಕೊಂಡು, ಸಾರಿನ ಹೊತ್ತಿನಲ್ಲಿ ಶಾರದೆಯ ಬಾಯಲ್ಲಿ ಹೇಳಿಸಿದೆ: ಆ ಜಾಗದ ಒಂದು ಹಿಡಿ ಮಣ್ಣು ಕೊಟ್ಟರೆ ಕಾಶಿಗೆ ಒಯ್ದು ಗಂಗೆಯಲ್ಲಿ ಬಿಡುತ್ತೇನೆ, ಖರ್ಚೇನಿಲ್ಲ, ಮಂತ್ರ ಮನೆಯಲ್ಲೇ ಇದೆ.

ಅವರು ಬಹಳ ಯೋಚಿಸಿದರು. "ನಿಮ್ಮದು ದೊಡ್ಡ ಮನಸ್ಸು," ಅಂದರು. "ಆದರೆ ಎಡಿತ್‌ಗೆ ನೀರೆಂದರೆ ಹೆದರಿಕೆ. ಸಮುದ್ರಕ್ಕೆ ಕರೆದುಕೊಂಡು ಹೋದರೆ ದಡದಲ್ಲಿ ಕೂತು ಉಣ್ಣೆ ಹೆಣೆಯುತ್ತಿದ್ದಳು. ಪಾದ ಸಹ ಅದ್ದಲಿಲ್ಲ."

ನಾನು ಅವರ ಬಟ್ಟಲಿಗೆ ಇನ್ನಷ್ಟು ಸಾರು ಬಗ್ಗಿಸಿದೆ.

ಚೀಟಿ ಎತ್ತಿದ ದಿನ

ಅವರಲ್ಲಿ ಒಂದು ದೊಡ್ಡ ಕಪ್ಪಿಗೆ ದೇಶದ ಸಣ್ಣ ದೊಡ್ಡ ಟೀಮುಗಳೆಲ್ಲ ಆಡುತ್ತವೆ. ಯಾರು ಯಾರ ಜೊತೆ ಅನ್ನುವುದನ್ನು ಚೀಟಿ ಎತ್ತಿ, ರೇಡಿಯೋದಲ್ಲಿ ಹೇಳುತ್ತಾರೆ. ಅಂದು ಮಧ್ಯಾಹ್ನ ನಾನು ಬ್ರೆಡ್ಡಿಗೆ ಹೋಗಿದ್ದೆ. ಅಂಗಡಿಯಲ್ಲಿ ಸಾಲು ನಿಂತವರೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಇವರ ಊರಿನ ಹೆಸರು ಬಂತು. ಅದರ ಹಿಂದೆಯೇ ದೇಶಕ್ಕೆಲ್ಲ ಗೊತ್ತಿದ್ದ ದೊಡ್ಡ ಟೀಮಿನ ಹೆಸರು. ಮೊದಲು ಬಂದ ಹೆಸರಿನವರ ಮೈದಾನದಲ್ಲೇ ಆಟ. ಚಳಿ ಅಂತ ಮಾತ್ರ ಅನ್ನುತ್ತಿದ್ದ ಆ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನನ್ನನ್ನೂ ಯಾರೋ ಹೆಂಗಸು ತಬ್ಬಿಕೊಂಡಳು. ಯಜಮಾನರು ಅವತ್ತು ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳಲಿಲ್ಲ.

ಆ ವಾರವೇ ಟೆಲಿವಿಷನ್ನಿನವರು ಕೋಟು ಹಾಕಿಕೊಂಡು ಮೈದಾನ ನೋಡಲು ಬಂದರು. ಇಲ್ಲಿನ ದೀಪದ ಕಂಬಗಳ ಬೆಳಕು ಬಣ್ಣದ ಕ್ಯಾಮೆರಾಕ್ಕೆ ಸಾಲದು, ಕ್ಯಾಮೆರಾ ಇಡಲು ಎತ್ತರದ ಜಾಗವಿಲ್ಲ, ಇಲ್ಲಿ ಆಡಿದರೆ ಟೆಲಿವಿಷನ್ನು ಬರುವುದಿಲ್ಲ ಅಂದರು. ದೊಡ್ಡ ಟೀಮಿನವರಿಂದ ಇನ್ನೊಂದು ಮಾತು ಬಂತು: ಆಟವನ್ನು ನಮ್ಮ ಊರಿಗೇ ತನ್ನಿ. ನಮ್ಮದು ಎಷ್ಟೋ ಪಟ್ಟು ದೊಡ್ಡ ಮೈದಾನ. ಟಿಕೆಟ್ಟಿನಲ್ಲಿ ನಿಮಗೆ ಪಾಲು, ಟೆಲಿವಿಷನ್ನಿನ ದುಡ್ಡು ಬೇರೆ.

ಸಾರು ಆರಿಹೋಯಿತು. ಯಜಮಾನರು ಮುಟ್ಟಲಿಲ್ಲ. ಅವತ್ತು ಮೊದಲ ಸಲ ಎಲ್ಲವನ್ನೂ ಹೇಳಿದರು. ಜನ ಕೂರುವ ಜಾಗದ ಮೇಲಿನ ಮಾಡಿನ ಮರ ಕೊಳೆತಿತ್ತು. ಸರಿಮಾಡದಿದ್ದರೆ ಈ ಬೇಸಿಗೆಗೆ ಬೀಗ ಹಾಕಬೇಕು ಅಂತ ಪುರಸಭೆಯವರು ಹೇಳಿಯಾಗಿತ್ತು. ಬೀಗ ಬಿದ್ದರೆ ಮೈದಾನವನ್ನು ಕೊಳ್ಳಲು ದೊಡ್ಡ ದಿನಸಿ ಅಂಗಡಿಯವರು ಕಾದಿದ್ದರು. ಎಡಿತಮ್ಮನ ಗೋಲಿನ ಬಾಯಿ ಕಾರು ನಿಲ್ಲಿಸುವ ಜಾಗವಾಗುತ್ತದೆ.

"ಇಲ್ಲಿ ಆಡಿದರೆ ಒಂದು ದಿನ ಊರಿನದು, ಆಮೇಲೆ ಊರಿಗೆ ಮೈದಾನವಿಲ್ಲ. ಅಲ್ಲಿ ಆಡಿದರೆ ಮೈದಾನ ಉಳಿಯುತ್ತದೆ, ಆ ದಿನ ಹೋಗುತ್ತದೆ. ನೀವೇನಂತೀರಿ?" ಅಂತ ನನ್ನ ಕಡೆ ತಿರುಗಿದರು.

ನನಗೆ ವ್ಯಾಪಾರ ತಿಳಿಯದು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದೆ. "ಬಾಣಂತನ ತವರಲ್ಲಿ ಆಗಬೇಕು," ಅಂದೆ. "ಆಗಲಿಲ್ಲ. ನಾನು ತವರನ್ನ ಇಲ್ಲಿಗೆ ಹೊತ್ತು ತಂದೆ. ಮನೆಯಲ್ಲಿ ಆಗಬೇಕಾದ್ದು ಮನೆಯಲ್ಲಿ ಆಗದಿದ್ದರೆ ಬೇಜಾರೇ. ಆದರೆ ಮಗು ಉಳೀತು."

ಶಾರದೆ ಇದನ್ನು ಇಂಗ್ಲಿಷಿಗೆ ತರುವಾಗ ನಡುವೆ ನಿಲ್ಲಿಸಿದಳು. ಆಮೇಲೆ ಮುಗಿಸಿದಳು.

ಯಜಮಾನರು ಆಟವನ್ನು ಆ ದೊಡ್ಡ ಊರಿಗೆ ಬಿಟ್ಟುಕೊಟ್ಟರು. ಮಾಡಿನ ವಿಚಾರ ಎಲ್ಲರಿಗೂ ಗೊತ್ತಿತ್ತು, ಆದರೂ ಊರು ಸಿಟ್ಟಾಯಿತು. ಅಂಗಡಿಯ ಸಾಲು ತೆಳ್ಳಗಾಯಿತು. ಒಬ್ಬ ಹೆಂಗಸು ಬ್ರೆಡ್ಡನ್ನು ಕಟ್ಟೆಯ ಮೇಲೇ ಬಿಟ್ಟು, "ಊರನ್ನೂ ಹೀಗೇ ತೆಳ್ಳಗೆ ಹೋಳು ಮಾಡಿ ಮಾರಿದೆಯಾ, ವಾಲ್ಟರ್?" ಅಂದಳಂತೆ. ಮೊನ್ನೆ ನನ್ನನ್ನು ತಬ್ಬಿಕೊಂಡವಳೇ. ಯಜಮಾನರು ಗೋಲಿನ ಬಾಯಿಯ ಮಾತನ್ನು ಯಾರಿಗೂ ಹೇಳಲಿಲ್ಲ. "ಚಿಲ್ಲರೆ ತಗೊಳ್ಳಿ," ಅಂದರಂತೆ ಅಷ್ಟೇ.

ಶನಿವಾರ

ಆಟದ ದಿನ ಬೆಳಿಗ್ಗೆಯಿಂದ ಬಸ್ಸುಗಳು ಹೊರಟವು. ಬೈದವರೂ ಹೊರಟರು, ಕುತ್ತಿಗೆಗೆ ಟೀಮಿನ ಬಣ್ಣದ ಉಣ್ಣೆಯ ಪಟ್ಟಿ ಸುತ್ತಿಕೊಂಡು. ಶಾರದೆಯ ಗಂಡ ಚೀಲ ಹಿಡಿದು ಟೀಮಿನ ಜೊತೆ ಹೋದರು. ಬೀದಿ ಖಾಲಿಯಾಯಿತು. ಗ್ರಹಣದ ಹೊತ್ತಿನಲ್ಲಿ ನಮ್ಮ ಗಲ್ಲಿಗಳೆಲ್ಲ ಘಾಟಿಗೆ ಇಳಿದುಹೋಗಿ ಮನೆಗಳು ಬಾಯಿಬಿಟ್ಟುಕೊಂಡು ಇರುತ್ತವಲ್ಲ, ಹಾಗೆ.

ಮಧ್ಯಾಹ್ನ ಹಿತ್ತಲಿಗೆ ಬಟ್ಟೆ ಹರವಲು ಹೋದರೆ, ಗೋಡೆಯಾಚೆ ಯಜಮಾನರು ಕಂಡರು. ಅವರು ಹೋಗಿರಲಿಲ್ಲ. ಖಾಲಿ ಮೈದಾನದಲ್ಲಿ, ಗೋಲಿನ ಹಿಂದೆ, ಹೆಂಡತಿ ಕೂರುತ್ತಿದ್ದ ಕಡೆ ಕೂತಿದ್ದರು.

ಒಳಗೆ ಬಂದು ಶಾರದೆಗೆ ಹೇಳಿದೆ. ಅವಳು ಮಗುವಿಗೆ ಹಾಲು ಕೊಡುತ್ತಿದ್ದಳು. "ಗಿಂಡಿ ತಗೊಂಡು ಹೋಗಕ್ಕ," ಅಂದಳು.

"ನಿನಗೆ ಅಂತ ತಂದಿದ್ದು."

"ಅದಕ್ಕೇ. ಅಮ್ಮನಿಗೆ ನಾನು ಬಿಡೋಕ್ಕಾಗಲಿಲ್ಲ. ಒಂದು ಹೆಣ್ಣುಮಗಳಿಗಾದ್ರೂ ನನ್ನ ಕಡೆಯಿಂದ ಹೋಗಲಿ."

ಎರಡು ವರ್ಷದ ಮೇಲೆ ಅಮ್ಮ ಅನ್ನುವ ಮಾತು ಅವಳ ಬಾಯಿಂದ ಬಂದದ್ದು ಆಗ. ಅವಳೇ ಅಡಿಗೆಮನೆಯ ಚಾಕುವಿನಿಂದ ಬೆಸುಗೆ ಎಬ್ಬಿಸಿದಳು. ಮೊದಲ ಹನಿಯನ್ನು ಮಗುವಿನ ತುಟಿಗೆ ಮುಟ್ಟಿಸಿದಳು.

ನನಗೆ ಬಂದಷ್ಟು ಇಂಗ್ಲಿಷು ಇಷ್ಟೇ: ವಾಟರ್, ಪ್ಲೀಸ್, ಗುಡ್. ಗಿಂಡಿಯನ್ನು ತೋರಿಸಿ, ಗೋಲಿನ ಬಾಯಿಯನ್ನು ತೋರಿಸಿ, "ಪ್ಲೀಸ್," ಅಂದೆ. ಎಡಿತಮ್ಮನ ಹೆದರಿಕೆ ನೆನಪಿತ್ತು. ಹೆಬ್ಬೆರಳು ತೋರುಬೆರಳು ಕೂಡಿಸಿ, ಇಷ್ಟೇ ಇಷ್ಟು ಅಂತ ತೋರಿಸಿದೆ. ಯಜಮಾನರು ನನ್ನನ್ನು ನೋಡಿದರು, ಗಿಂಡಿ ನೋಡಿದರು. ಆಮೇಲೆ ಎದ್ದು ಟೋಪಿ ತೆಗೆದರು. ಅವರ ಅಂಗೈಯನ್ನು ದೊನ್ನೆಯ ಹಾಗೆ ಮಾಡಿಸಿ ನೀರು ಬಿಟ್ಟೆ. ಬಗ್ಗಿ, ಬಹಳ ನಿಧಾನವಾಗಿ, ಪಾದ ತೊಳೆಯುವವರ ಹಾಗೆ ನೆಲಕ್ಕೆ ಬಿಟ್ಟರು. ನಾನು ಬಾಯಿಗೆ ಬಂದ ಎರಡು ನಾಮ ಹೇಳಿದೆ. ಮಂತ್ರ ನನ್ನದಲ್ಲ. ಗಂಗೆಯಂತೂ ಮಂತ್ರ ಎಲ್ಲಿ ಅಂತ ತಿರುಗಿ ಕೇಳಲಿಲ್ಲ.

ಮೈಲುಗಟ್ಟಲೆ ಆಚೆ ಅವರ ಟೀಮು ಆಡುತ್ತಿತ್ತು. ಇಲ್ಲಿ ಹುಲ್ಲಿನ ಮೇಲೆ ಒಂದು ಹಕ್ಕಿ ಓಡಾಡುತ್ತಿತ್ತು. ನಾವು ಇಬ್ಬರೂ ಅದನ್ನೇ ಪೂರ್ತಿ ಆಟದ ಹಾಗೆ ನೋಡಿದೆವು.

ಭಾನುವಾರ ಮಧ್ಯಾಹ್ನ

ಆ ಪೆಟ್ಟಿಗೆಯಲ್ಲಿ ತೋರಿಸಿದರು. ನಾವೆಲ್ಲ ಯಜಮಾನರ ಮನೆಯಲ್ಲಿ ಕೂತು ನೋಡಿದೆವು. ಸೋತಿದ್ದರು, ಆದರೆ ಒಂದು ಗೋಲು ಹೊಡೆದಿದ್ದರು. ಹೊಡೆದವನು ದಿನಾ ಬೆಳಿಗ್ಗೆ ಯಜಮಾನರ ಬ್ರೆಡ್ಡಿನ ವ್ಯಾನು ಓಡಿಸುವವನೇ. ಬಣ್ಣದ ಪಟ್ಟಿ ಸುತ್ತಿಕೊಂಡ ಊರಿನವರನ್ನು ಕ್ಯಾಮೆರಾ ಒಂದು ಕ್ಷಣ ತೋರಿಸಿತು. ಯಜಮಾನರು ಮುಂದಕ್ಕೆ ಬಾಗಿ, ಪೆಟ್ಟಿಗೆಯ ಗಾಜಿನ ಮೇಲೆ ಬೆರಳಿಟ್ಟು ಒಬ್ಬೊಬ್ಬರ ಹೆಸರು ಹೇಳಿದರು. ಬೈದ ಹೆಂಗಸಿನ ಹೆಸರನ್ನೂ ಹೇಳಿದರು. ಅಷ್ಟರಲ್ಲಿ ಚಿತ್ರ ಬದಲಾಯಿತು.

ಮಾಡಿಗೆ ಹೊಸ ಮರ ಬಂತು. ನಾನು ಹೊರಡುವ ಮುಂಚೆ ಒಂದು ಶನಿವಾರ ಶಾರದೆ ಮಗುವನ್ನು ಎತ್ತಿಕೊಂಡು ಅದರ ಕೆಳಗೆ ಕೂತಳು. ಬ್ರೆಡ್ಡಿನ ಸಾಲೂ ನಿಧಾನವಾಗಿ ಮತ್ತೆ ಉದ್ದವಾಗುತ್ತಿತ್ತು. ಖಾಲಿ ಗಿಂಡಿಯನ್ನು ಯಜಮಾನರು ಕೇಳಿ ತೆಗೆದುಕೊಂಡರು. ಟೀಮಿನ ಆಫೀಸಿನ ಗಾಜಿನ ಬೀರುವಿನಲ್ಲಿ ಎರಡೋ ಮೂರೋ ಮಂಕಾದ ಕಪ್ಪುಗಳಿದ್ದವು, ಅವುಗಳ ಪಕ್ಕ ಇಟ್ಟರು. ಯಾರನ್ನು ಸೋಲಿಸಿದ್ದು ಅಂತ ಯಾರಾದರೂ ಕೇಳಿದರೆ ಏನು ಹೇಳಬೇಕು ಅನ್ನುವುದು ಅವರಿಗೆ ಗೊತ್ತಿತ್ತು.

ಬೀಳ್ಕೊಡುವಾಗ ಶಾರದೆ ಅಳಲಿಲ್ಲ. "ಆ ಸೀರೆ ಬಿಟ್ಟು ಹೋಗು," ಅಂದಳು. ಒಗೆಯದೇ ಇಟ್ಟಿದ್ದ, ಬಂದ ದಿನದ ಸೀರೆಯನ್ನು ಅವಳ ತಲೆದಿಂಬಿನ ಕೆಳಗೆ ಇಟ್ಟು ಬಂದೆ.

ಮತ್ತೆ ಗಲ್ಲಿ

ಗೋದೌಲಿಯಾದಲ್ಲಿ ರಿಕ್ಷಾ ಸಿಕ್ಕಿಕೊಂಡಿತು. ಎತ್ತು, ಮದುವೆಯ ಮೆರವಣಿಗೆ, ಹೆಣ ಹೊತ್ತವರು ಎಲ್ಲರೂ ಒಟ್ಟಿಗೆ ನುಗ್ಗುತ್ತಿದ್ದರು. ಸಾಲು ಅನ್ನುವುದು ಹುಡುಕಿದರೂ ಇರಲಿಲ್ಲ. ನನಗೆ ಕಣ್ಣು ತುಂಬಿತು.

ಇವರು ಘಾಟಿಗೆ ಕರೆದುಕೊಂಡು ಹೋಗಿ ಸಂಕಲ್ಪ ಹೇಳಿಸಿ ಮುಳುಗಿಸಿದರು. ಮೂರನೆಯ ಮುಳುಗು ಎದ್ದಾಗ ಯಾಕೋ ಆ ನೀರಿಗೆ ಹೆದರುತ್ತಿದ್ದ ಹೆಂಗಸಿನ ನೆನಪಾಯಿತು. ಅವಳ ಪಾಲಿನದೂ ಒಂದು ಮುಳುಗು ನಾನೇ ಹಾಕಿದೆ. ನೀರು ಅಷ್ಟೇನೂ ತಣ್ಣಗಿರಲಿಲ್ಲ.

ಶಂಕರಣ್ಣ ಮೆಟ್ಟಿಲ ಮೇಲೆ ಸಿಕ್ಕಿ, "ಏನತ್ತಿಗೆ, ಅಲ್ಲಿಯವರು ದುಡ್ಡು ಹೇಗೆ ಮಾಡ್ತಾರೆ?" ಅಂದರು. "ನಿಮ್ಮ ಹಾಗೇ ಗೊಣಗ್ತಾರೆ. ಇನ್ನೂ ಸಮಪಾಲೇ ನಡೀತಿದೆ," ಅಂದೆ. ಅಲ್ಲೂ ಇಲ್ಲೂ ಇನ್ನೆಷ್ಟು ದಿನವೋ. ಸದ್ಯಕ್ಕೆ ನಡೆಯುತ್ತಿದೆ. ಆ ಸದ್ಯವನ್ನೂ ನಾನು ದೇವರು ಕೊಟ್ಟದ್ದರ ಲೆಕ್ಕಕ್ಕೇ ಹಾಕಿಕೊಳ್ಳುತ್ತೇನೆ.

ಮನೆಗೆ ಬಂದಾಗ ಇವರು, "ನಾಳೆ ಅರಸೀಕೆರೆ ಕಡೆಯವರು ಬರ್ತಾರೆ, ತಾಯಿಯ ಶ್ರಾದ್ಧ," ಅಂದರು. ನಾನು ಸೆರಗು ಸಿಕ್ಕಿಸಿಕೊಂಡು ವಡೆಗೆ ಉದ್ದು ಅಳೆದು ಪಾತ್ರೆಗೆ ಹಾಕಿದೆ. ಕೇದಾರೇಶ್ವರನ ಗಂಟೆ ಶುರುವಾಯಿತು. ಅದು ನಿಲ್ಲುವವರೆಗೂ ಕಾದೆ. "ಆರತಿ ಆಯ್ತು ಶಾರದೆ," ಅಂತ ಮೆಲ್ಲಗೆ ಅಂದು, ಉದ್ದಿಗೆ ನೀರು ಹೊಯ್ದು ನೆನೆಹಾಕಿದೆ.